ಮುಖವಾಡದ ಒಳಗಿನ ಮುಖ

ಹುಬ್ಬಿನಿಂದ ಗದ್ದದವರೆಗೆ 12 ಮಿಲಿಮೀಟರ್. ಕಿರುಬೆರಳಿನ ಉಗುರಿಗಿಂತ ಒಂಚೂರು ಉದ್ದ, ಅಷ್ಟೇ. ಅಷ್ಟೇ ಜಾಗದಲ್ಲಿ ಮೂಗು, ಎರಡು ಕಣ್ಣು, ಬಿಗಿದ ತುಟಿ, ಕೆನ್ನೆಯ ಮೇಲೆ ಒಂದು ಗಾಯದ ಗುರುತು. ಗೊಂಬೆಯೊಂದರ ಈ ಮುಖ ಮಾಡೋದಕ್ಕೆ ನನಗೆ 11 ಸಂಜೆ ಹಿಡಿಯಿತು. ಮುಗಿದ ಮೇಲೆ ಅದರ ಮೇಲೆ ಉಕ್ಕಿನ ಬಣ್ಣದ ಮುಖವಾಡ ಕೂರಿಸಿದೆ. ಈಗ ಕಪಾಟಿನ ಮುಂದೆ ನಿಂತು ನೋಡುವವರಿಗೆ ಆ ಮುಖ ಕಾಣುವುದಿಲ್ಲ.

ಅದು ವಿಕ್ಟರ್ ವಾನ್ ಡೂಮ್‌ನ ಮುಖ. ಮಾರ್ವೆಲ್ ಕಾಮಿಕ್ಸ್ ಓದುವವರಿಗೆ ಡಾಕ್ಟರ್ ಡೂಮ್ ಅಂದರೆ ಸಾಕು. ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಸೇರಿ ಹುಟ್ಟಿಸಿದ ಖಳ. 1962ರಲ್ಲಿ 'ಫೆಂಟಾಸ್ಟಿಕ್ ಫೋರ್' ಐದನೇ ಸಂಚಿಕೆಯಲ್ಲಿ ಮೊದಲ ಸಲ ಕಾಣಿಸಿಕೊಂಡ. ಮೈತುಂಬ ಉಕ್ಕಿನ ಕವಚ, ಅದರ ಮೇಲೆ ಹಸಿರು ನಿಲುವಂಗಿ, ತಲೆಗೆ ಹಸಿರು ಮುಸುಕು, ಬೆನ್ನ ಹಿಂದೆ ಹಸಿರು ಕೇಪ್. ಸೊಂಟದ ಪಟ್ಟಿಯಲ್ಲಿ ಒಂದು ಪಿಸ್ತೂಲು. ಸಾವಿನ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡು ಈತನನ್ನು ಬಿಡಿಸಿದ್ದಾಗಿ ಕರ್ಬಿ ಹೇಳಿಕೊಂಡಿದ್ದರು. ಮುಸುಕಿನ ಕೆಳಗಿನ ಆ ಲೋಹದ ಮುಖ ನೋಡಿದರೆ ಅದು ಎಲ್ಲಿಂದ ಬಂತು ಅಂತ ಯಾರೂ ವಿವರಿಸಬೇಕಾಗಿಲ್ಲ.

ಡೂಮ್‌ನ ಗೊಂಬೆಗಳು ಬೇಕಾದಷ್ಟಿವೆ. ನನ್ನ ಹತ್ತಿರವೂ ಎರಡಿದ್ದವು. ಒಂದು ದಿನ ಅದರಲ್ಲೊಂದರ ತಲೆ ಕಿತ್ತು, ಸಣ್ಣ ಗರಗಸದಿಂದ ಮಧ್ಯಕ್ಕೆ ಸೀಳಿದೆ. ಒಳಗೆ ಮುಖ ಇರುವುದಿಲ್ಲ ಅಂತ ಗೊತ್ತಿತ್ತು. ಆದರೂ ಸೀಳಿದೆ. ಮುಖವಾಡ, ಮುಸುಕು, ತಲೆ ಎಲ್ಲ ಒಂದೇ ಅಚ್ಚಿನಲ್ಲಿ ಎರೆದ ಬೂದು ಪ್ಲಾಸ್ಟಿಕ್ ಉಂಡೆ. ಮುಖವಾಡದ ಕಣ್ಣಿನ ತೂತುಗಳು ತೂತುಗಳೇ ಆಗಿರಲಿಲ್ಲ, ಕಪ್ಪು ಬಣ್ಣದ ಎರಡು ಚುಕ್ಕೆ. ಕಂಪನಿಯವರ ತಪ್ಪೇನಿಲ್ಲ. ಲಕ್ಷಗಟ್ಟಲೆ ಮಾಡುವ ಆಟಿಕೆಯೊಳಗೆ ಯಾರಿಗೂ ಕಾಣದ ಮುಖ ಯಾಕೆ ಇಡಬೇಕು? ನನಗೆ ಮಾತ್ರ ಅದು ಬೇಕಿತ್ತು. ಮುಖವಾಡ ಅಂದ ಮೇಲೆ ಅದು ಯಾವುದನ್ನೋ ಮುಚ್ಚಿರಬೇಕು ಅಲ್ವಾ? ಮುಚ್ಚೋದಕ್ಕೆ ಏನೂ ಇಲ್ಲದಿದ್ದರೆ ಅದು ಮುಖವಾಡ ಹೇಗಾಗುತ್ತದೆ?

ಅಲ್ಲಿಂದ ಶುರುವಾಯಿತು.

ಕಸ್ಟಮ್ ಫಿಗರ್, ಅಂದರೆ ಅಂಗಡಿಯ ಗೊಂಬೆಯನ್ನು ತಮಗೆ ಬೇಕಾದ ಹಾಗೆ ಬದಲಿಸಿ ಮಾಡಿದ ಗೊಂಬೆ. ಅದನ್ನು ಮಾಡುವವರ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇಡೀ ಗೊಂಬೆಯನ್ನು ಬರಿಗೈಯಿಂದ ಯಾರೂ ಕಟ್ಟುವುದಿಲ್ಲ. ಮೊದಲು ಕೀಲುಗಳು ಚೆನ್ನಾಗಿರುವ ಒಂದು ದೇಹ ಆರಿಸಿಕೊಳ್ಳುತ್ತೇವೆ. ಅದನ್ನು ಬೇಸ್ ಅನ್ನುತ್ತೇವೆ. ಬೇರೆ ಗೊಂಬೆಗಳಿಂದ ಕೈಯೋ ಬೂಟೋ ಬೆಲ್ಟೋ ತೆಗೆದು ಜೋಡಿಸಿದರೆ ಕಿಟ್‌ಬ್ಯಾಶ್. ಉಳಿದದ್ದನ್ನು ಎಪಾಕ್ಸಿ ಪುಟ್ಟಿಯಿಂದ (ಬೆರೆಸಿದಾಗ ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವ ಕಣಕ) ಕೆತ್ತಿ, ಉಜ್ಜಿ, ಬಣ್ಣ ಹಚ್ಚುವುದು. 'ಆ್ಯಕ್ಷನ್ ಫಿಗರ್' ಅನ್ನುವ ಹೆಸರು ಬಂದದ್ದು 1964ರಲ್ಲಿ. ಹ್ಯಾಸ್ಬ್ರೋ ತನ್ನ ಜಿ.ಐ. ಜೋ ಸೈನಿಕನನ್ನು ಗಂಡುಮಕ್ಕಳಿಗೆ ಮಾರಬೇಕಿತ್ತು, 'ಡಾಲ್' ಅಂದರೆ ಅವರು ಮುಟ್ಟುವುದಿಲ್ಲ ಅನ್ನುವ ಭಯಕ್ಕೆ ಈ ಹೆಸರು ಹುಡುಕಿತು. ನಾನು ಮಾತ್ರ ಗೊಂಬೆ ಅಂತಲೇ ಕರೆಯುತ್ತೇನೆ. ಅದಕ್ಕಿಂತ ಒಳ್ಳೆಯ ಪದ ನಮಗೆ ಬೇಕಿಲ್ಲ.

ಅಳತೆ 1:12. ಅಂದರೆ ನಿಜವಾದ 12 ಸೆಂಟಿಮೀಟರ್ ಗೊಂಬೆಯಲ್ಲಿ 1 ಸೆಂಟಿಮೀಟರ್. ಮಾರ್ವೆಲ್ ಲೆಕ್ಕದ ಪ್ರಕಾರ ಡೂಮ್ 6 ಅಡಿ 2 ಇಂಚು, ಕವಚ ತೊಟ್ಟರೆ 6 ಅಡಿ 7 ಇಂಚು. ಸುಮಾರು 2 ಮೀಟರ್. ಹಾಗಾಗಿ ನನ್ನ ಗೊಂಬೆ 16.7 ಸೆಂಟಿಮೀಟರ್ ಇರಬೇಕು. ಈ ವ್ಯತ್ಯಾಸ ಮುಖ್ಯ. ಬೂಟು, ಕವಚ, ಮುಸುಕು ಸೇರಿ 5 ಇಂಚು ಜಾಸ್ತಿಯಾಗುತ್ತದೆ ಅಂದರೆ ಒಳಗಿರುವ ಮನುಷ್ಯ ನಾವಂದುಕೊಂಡಿದ್ದಕ್ಕಿಂತ ಚಿಕ್ಕವನು. ಹೊರಗಿನಿಂದ ಕೋಟೆ ಥರ ಕಾಣುವುದು, ಒಳಗೆ ಒಬ್ಬ ಸಾಧಾರಣ ಎತ್ತರದ ಗಂಡಸಿಗಿಂತ ತುಸು ಉದ್ದ ಇರುವವನು. ಆದ್ದರಿಂದ ತೋಳು, ತೊಡೆ ದಪ್ಪಗಿರುವ ಬೇಸ್ ತೆಗೆದುಕೊಳ್ಳಲಿಲ್ಲ. ಸಪೂರ ಮೈಯ ಒಂದು ಗೊಂಬೆ ಹಿಡಿದು, ಅದರ ಮೇಲೆ ಕವಚ ಹೊದಿಸಿದೆ.

ಕೈಕಾಲು ಬಿಚ್ಚುವ ಕೆಲಸ ಸುಲಭ. ಕುದಿಯುವ ನೀರಲ್ಲಿ ಒಂದೆರಡು ನಿಮಿಷ ಅದ್ದಿದರೆ ಪಿವಿಸಿ ಮೆತ್ತಗಾಗುತ್ತದೆ, ಕೀಲು ಟಕ್ ಅಂತ ಬಿಟ್ಟುಕೊಳ್ಳುತ್ತದೆ. ತಣ್ಣಗಿರುವಾಗ ಎಳೆದರೆ ಪಿನ್ನೇ ಮುರಿಯುತ್ತದೆ. ಆಮೇಲೆ ಮೊಣಕೈ, ತೊಡೆಸಂದಿಯ ಒಳಬದಿಯನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯಬೇಕು. ಬಣ್ಣದ ಪದರಕ್ಕೂ ದಪ್ಪ ಇರುತ್ತದೆ. ಜಾಗ ಬಿಡದಿದ್ದರೆ ಮೊದಲ ಸಲ ಕೈ ಮಡಚಿದಾಗಲೇ ಬಣ್ಣ ಕಿತ್ತು ಬರುತ್ತದೆ.

ಕವಚದ ಬಗ್ಗೆ ನನಗೆ ಒಂದು ಹಟ ಇತ್ತು. 1984ರಲ್ಲಿ ಮ್ಯಾಟೆಲ್ ಕಂಪನಿ ಮಾರ್ವೆಲ್ ಜೊತೆ ಸೇರಿ 'ಸೀಕ್ರೆಟ್ ವಾರ್ಸ್' ಗೊಂಬೆಗಳನ್ನು ತಂದಿತು. ಆಗ ಮಾರ್ವೆಲ್‌ನ ಮುಖ್ಯ ಸಂಪಾದಕರಾಗಿದ್ದ ಜಿಮ್ ಶೂಟರ್ ಆಮೇಲೆ ಒಂದು ವಿಷಯ ಬರೆದಿದ್ದರು. ಡೂಮ್‌ನ ಕವಚ ತೀರಾ ಹಳೇ ಕಾಲದ್ದು, ಮಧ್ಯಯುಗದ ಯೋಧನ ಹಾಗೆ ಕಾಣುತ್ತದೆ, ಇನ್ನಷ್ಟು ಆಧುನಿಕ ಯಂತ್ರದ ಹಾಗೆ ಮಾಡಿ ಅಂತ ಮ್ಯಾಟೆಲ್ ಕೇಳಿತ್ತಂತೆ. ಅವರ ಲೆಕ್ಕಾಚಾರ ಅರ್ಥವಾಗುತ್ತದೆ. ಅಂಗಡಿಯ ಗೋಡೆಯಲ್ಲಿ ರೋಬೋಟುಗಳ ಪಕ್ಕ ತೂಗುಹಾಕಬೇಕಾದ ಸಾಮಾನು. ಆದರೆ ಡೂಮ್‌ನ ಜೀವ ಇರುವುದೇ ಆ ಹಳೆತನದಲ್ಲಿ. ಕಾಲಯಂತ್ರ ಕಟ್ಟಬಲ್ಲ ವಿಜ್ಞಾನಿ, ಕೈಯಿಂದ ಕಿರಣ ಹಾರಿಸುವವನು, ಆದರೆ ಮೈಮೇಲೆ ಕಮ್ಮಾರ ಬಡಿದ ತಗಡು, ಮೊಳೆ ಹೊಡೆದ ಮುಖವಾಡ. ಅವನ ಲ್ಯಾಟ್ವೇರಿಯಾ ದೇಶವೂ ಹಾಗೆಯೇ. ಬೆಟ್ಟದ ಮೇಲೆ ಕೋಟೆ, ಕೆಳಗೆ ಹಳೇ ಊರು, ಬೀದಿಯಲ್ಲಿ ರೋಬೋಟ್ ಕಾವಲುಗಾರರು. ಆ ವಿಚಿತ್ರ ಬೆರಕೆಯನ್ನು ನಯಮಾಡಿ ನೀಟಾದ ಯಂತ್ರಮಾನವ ಮಾಡಿದರೆ ಅವನು ಇನ್ಯಾರೋ ಆಗಿಬಿಡುತ್ತಾನೆ.

ಹಾಗಾಗಿ ತೋಳಿನ ಪಟ್ಟಿಗಳನ್ನು ಒಂದೊಂದಾಗಿ ಮಾಡಿದೆ. ಎಪಾಕ್ಸಿ ಪುಟ್ಟಿಯ ಎರಡು ಭಾಗಗಳನ್ನು ಸಮಸಮ ಬೆರೆಸಿ, ಟಾಲ್ಕಮ್ ಪೌಡರ್ ಉದುರಿಸಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಿ, ಬ್ಲೇಡಿನಿಂದ 3 ಮಿಲಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ತೋಳಿಗೆ ಒಂದರ ಮೇಲೊಂದು ಅಂಚು ಬರುವ ಹಾಗೆ ಸುತ್ತಬೇಕು. ಬೆರೆಸಿದ ಮೇಲೆ ಎರಡು ಮೂರು ಗಂಟೆ ಕೈಗೆ ಬಗ್ಗುತ್ತದೆ, 24 ಗಂಟೆಗೆ ಕಲ್ಲಾಗುತ್ತದೆ. ಗಟ್ಟಿಯಾದ ಮೇಲೆ ನೀರು ಹಾಕಿಕೊಂಡು ಮರಳು ಕಾಗದದಲ್ಲಿ ಉಜ್ಜಬೇಕು. ಒಣಗಿದ್ದಾಗ ಉಜ್ಜಿದರೆ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ, ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪಟ್ಟಿಗಳ ಅಂಚು ನೇರ ಬರಲಿಲ್ಲ. ಮೊದಲು ಬೇಜಾರಾಯಿತು. ಕಮ್ಮಾರನ ಕೈಕೆಲಸದಲ್ಲಿ ಅಷ್ಟು ಓರೆಕೋರೆ ಇರುತ್ತದೆ ಅಂತ ಹಾಗೇ ಬಿಟ್ಟೆ. ಈಗ ನೋಡಿದರೆ ಇಡೀ ಗೊಂಬೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಆ ಎಡ ಮುಂಗೈ.

ಇನ್ನು ಮುಖ.

ಯಾವ ಮುಖ ಮಾಡಬೇಕು ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಡೂಮ್‌ನ ಕಥೆ ಪೂರ್ತಿಯಾಗಿ ಬಂದದ್ದು 1964ರ 'ಫೆಂಟಾಸ್ಟಿಕ್ ಫೋರ್' ಎರಡನೇ ವಾರ್ಷಿಕ ಸಂಚಿಕೆಯಲ್ಲಿ. ವಿಕ್ಟರ್ ಕಾಲೇಜಿನಲ್ಲಿದ್ದಾಗ ಪರಲೋಕವನ್ನು ತಲುಪುವ ಯಂತ್ರವೊಂದನ್ನು ಗುಟ್ಟಾಗಿ ಕಟ್ಟುತ್ತಾನೆ. ಜೊತೆಯಲ್ಲಿ ಓದುತ್ತಿದ್ದ ರೀಡ್ ರಿಚರ್ಡ್ಸ್ ಅವನ ಲೆಕ್ಕ ನೋಡಿ, ಇಲ್ಲಿ ತಪ್ಪಿದೆ ಅನ್ನುತ್ತಾನೆ. ಇವನು ಕೇಳುವುದಿಲ್ಲ. ಯಂತ್ರ ಸಿಡಿಯುತ್ತದೆ, ಮುಖಕ್ಕೆ ಗಾಯವಾಗುತ್ತದೆ, ಕಾಲೇಜಿನಿಂದ ಹೊರಹಾಕುತ್ತಾರೆ. ಅಲೆದು ಅಲೆದು ಟಿಬೆಟ್ಟಿನ ಬೆಟ್ಟದಲ್ಲಿ ಸನ್ಯಾಸಿಗಳ ಗುಂಪೊಂದನ್ನು ಸೇರುತ್ತಾನೆ. ಅವರ ಕೈಯಲ್ಲಿ ಕವಚ ಮಾಡಿಸುತ್ತಾನೆ. ಮುಖವಾಡ ಪೂರ್ತಿ ತಣ್ಣಗಾಗುವ ಮೊದಲೇ ಮುಖಕ್ಕೆ ಇಟ್ಟುಕೊಳ್ಳುತ್ತಾನೆ.

ಗಾಯ ಎಂಥದ್ದು ಅಂತ ಆ ಕಥೆ ತೋರಿಸುವುದಿಲ್ಲ. ಕರ್ಬಿ ಅವರ ಮನಸ್ಸಿನಲ್ಲಿ ಇದ್ದದ್ದು ಒಂದು ಸಣ್ಣ ಗಾಯದ ಗುರುತು ಮಾತ್ರ. ತಾನು ಕುಂದಿಲ್ಲದವನು ಅಂತ ನಂಬಿದ್ದವನಿಗೆ ಆ ಒಂದು ಗೀರನ್ನೂ ಸಹಿಸಲಾಗಲಿಲ್ಲ, ಅದಕ್ಕೇ ಜಗತ್ತಿನಿಂದ ಮುಖ ಮುಚ್ಚಿಕೊಂಡ. ಆಮೇಲೆ 1985ರಲ್ಲಿ, 'ಫೆಂಟಾಸ್ಟಿಕ್ ಫೋರ್' ಬರೆದು ಬಿಡಿಸುತ್ತಿದ್ದ ಜಾನ್ ಬರ್ನ್ ಇದಕ್ಕೆ ಇನ್ನೊಂದು ತಿರುವು ಕೊಟ್ಟರು. ಸ್ಫೋಟದಿಂದ ಆದದ್ದು ಚಿಕ್ಕ ಗಾಯವೇ. ಮುಖವನ್ನು ನಿಜವಾಗಿ ಸುಟ್ಟು ಹಾಳುಮಾಡಿದ್ದು ಆ ಬಿಸಿ ಮುಖವಾಡ.

ಬರ್ನ್ ಅವರ ಕಥೆ ಬಹಳ ಗಟ್ಟಿಯಾದದ್ದು, ಅದರಲ್ಲಿ ಅನುಮಾನ ಇಲ್ಲ. ಕಸ್ಟಮ್ ಮಾಡುವವನಿಗೂ ಅದೇ ಆಸೆ ಹುಟ್ಟಿಸುತ್ತದೆ. ಸುಟ್ಟ ಮುಖ ಕೆತ್ತೋದು ಸುಲಭ. ಪುಟ್ಟಿಯನ್ನು ಸೂಜಿಯಿಂದ ಕೆದಕಿ, ಕೆಂಪು, ನೇರಳೆ ಬಣ್ಣ ಬಳಿದರೆ ನೋಡಿದವರು ಹೌಹಾರುತ್ತಾರೆ. ಎರಡು ಸಂಜೆ ನಾನೂ ಅದೇ ದಾರಿ ಹಿಡಿದೆ. ಆದರೆ ಮನಸ್ಸು ಒಪ್ಪಲಿಲ್ಲ. ಹಾಗೆ ಸುಟ್ಟ ಮುಖ ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತದೆ, ಮುಚ್ಚಿಕೊಂಡದ್ದು ಸರಿ ಅನ್ನಿಸುತ್ತದೆ. ಬರೀ ಒಂದು ಗೀರು ಇರುವ ಮುಖ ಬೇರೆಯದೇ ಕೆಲಸ ಮಾಡುತ್ತದೆ. ನೋಡಲು ಲಕ್ಷಣವಾದ ಮುಖ. ಎಣ್ಣೆ ಹಚ್ಚಿದರೆ ಕಾಣದಷ್ಟು ಸಣ್ಣ ಗುರುತು. ಇಷ್ಟಕ್ಕಾ? ಇಷ್ಟಕ್ಕೆ ಒಂದು ಇಡೀ ಜೀವನವನ್ನು ಉಕ್ಕಿನೊಳಗೆ ಹಾಕಿಟ್ಟನಾ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕರ್ಬಿ ಅವರ ಡೂಮ್ ಅನ್ನೇ ಮಾಡುವುದು ಅಂತ ತೀರ್ಮಾನಿಸಿದೆ.

ಮುಖ ಮಾಡುವಾಗ ಒಂದು ಕಷ್ಟ ಎದುರಾಯಿತು. ಇದನ್ನು ಮೊದಲೇ ಯೋಚಿಸಿರಲಿಲ್ಲ. ಮುಖದ ಮೇಲೆ ಮುಖವಾಡ ಕೂರಬೇಕು. ಪುಟ್ಟಿಯಲ್ಲಿ 1 ಮಿಲಿಮೀಟರ್ ದಪ್ಪದ ಮುಖವಾಡ ಅಂದರೆ ಕೈಗೆ ತೆಳುವಾದ ಸಿಪ್ಪೆ. ಆದರೆ 1:12 ಲೆಕ್ಕದಲ್ಲಿ ಅದು 12 ಮಿಲಿಮೀಟರ್ ದಪ್ಪದ ಉಕ್ಕು! ಅಷ್ಟು ದಪ್ಪದ್ದನ್ನು ಮುಖಕ್ಕೆ ಕಟ್ಟಿಕೊಂಡರೆ ಕತ್ತು ಎತ್ತಲೂ ಆಗುವುದಿಲ್ಲ, ತಲೆ ಕುಂಬಳಕಾಯಿ ಥರ ಕಾಣುತ್ತದೆ. ಎರಡೂ ಕಡೆಯಿಂದ ಸರಿಮಾಡಬೇಕಾಯಿತು. ಮುಖವನ್ನು ಇರಬೇಕಾದದ್ದಕ್ಕಿಂತ ಸ್ವಲ್ಪ ಕಿರಿದು ಮಾಡಿದೆ, ಮೂಗನ್ನು ತುಸು ಒತ್ತಿದೆ. ಮುಖವಾಡವನ್ನು ಒಳಗಿನಿಂದ ಉಜ್ಜಿ ಉಜ್ಜಿ ಅರ್ಧ ಮಿಲಿಮೀಟರ್‌ಗೆ ಇಳಿಸಿದೆ. ಬೆಳಕಿಗೆ ಹಿಡಿದರೆ ಆಚೆ ಕಡೆಯ ಬೆರಳಿನ ನೆರಳು ಕಾಣುವಷ್ಟು ತೆಳು.

ಆದರೆ ಅದು ಎರಡನೇ ಮುಖವಾಡ. ಮೊದಲನೆಯದರ ಕಥೆ ಹೇಳಬೇಕು.

ಮುಖವಾಡ ಮಾಡುವ ಕ್ರಮ ಇಷ್ಟೇ. ಮುಖ ಪೂರ್ತಿ ಗಟ್ಟಿಯಾದ ಮೇಲೆ ಅದಕ್ಕೆ ವ್ಯಾಸಲೀನ್ ತೆಳುವಾಗಿ ಸವರಬೇಕು. ಮೇಲೆ ಪುಟ್ಟಿಯ ಹಾಳೆ ಒತ್ತಬೇಕು. ಅದು ರಬ್ಬರಿನ ಹದಕ್ಕೆ ಬಂದಾಗ ಕಣ್ಣು, ಬಾಯಿಯ ಸಂದು ಕೊರೆಯಬೇಕು. ಮಾರನೆಯ ದಿನ ಬಿಡಿಸಿದರೆ ಸಿಪ್ಪೆಯ ಹಾಗೆ ಬರುತ್ತದೆ. ಒಂಬತ್ತನೆಯ ಸಂಜೆ ಕೆನ್ನೆಯನ್ನು ಸ್ವಲ್ಪ ತಿದ್ದಿ, ಹೊಸ ಪುಟ್ಟಿ ಹಚ್ಚಿದ್ದೆ. ಇನ್ನೂ ಆರು ಗಂಟೆಯೂ ಆಗಿರಲಿಲ್ಲ. ಮುಟ್ಟಿದರೆ ಗಟ್ಟಿಯೇ ಅನ್ನಿಸಿತು. ಮರುದಿನದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಮುಖವಾಡ ಹೇಗೆ ಕಾಣುತ್ತದೆ ಅಂತ ಅವತ್ತೇ ನೋಡಬೇಕಿತ್ತು. ಮುಖದ ಮೇಲೆ ಹಾಳೆ ಒತ್ತಿಬಿಟ್ಟೆ.

ಬೆಳಿಗ್ಗೆ ಬಿಡಿಸಲು ಹೋದರೆ ಅಲುಗಾಡಲಿಲ್ಲ. ಹಸಿ ಪುಟ್ಟಿಗೆ ಹಸಿ ಪುಟ್ಟಿ ಸೇರಿ ಒಂದಾಗಿತ್ತು. ಗದ್ದದ ಕೆಳಗೆ ಬ್ಲೇಡಿನ ತುದಿ ಸಿಕ್ಕಿಸಿ, ಸುತ್ತ ಸ್ವಲ್ಪ ಸ್ವಲ್ಪ ಎಬ್ಬಿಸಿದೆ. ಒಂದು ಬದಿ ಬಂತು. ಇನ್ನೊಂದು ಬದಿ ಟಪ್ ಅಂತ ಕಿತ್ತು ಬಂತು. ಮುಖವಾಡದ ಒಳಗೆ ಎಡಗೆನ್ನೆಯ ಒಂದು ಚೂರು ಅಂಟಿಕೊಂಡಿತ್ತು. ಎದೆ ಧಸಕ್ ಅಂದಿತು. ಹತ್ತು ನಿಮಿಷ ಅದನ್ನು ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದೆ. ಆಮೇಲೆ ಹೊಳೆಯಿತು. ಟಿಬೆಟ್ಟಿನ ಆ ಚಿತ್ರದಲ್ಲಿ ಅವನು ಮಾಡಿದ್ದೂ ಇದನ್ನೇ. ತಣ್ಣಗಾಗಲಿ ಅಂತ ಕಾಯಲಿಲ್ಲ. ಅದನ್ನು ಅಹಂಕಾರ ಅಂತ ಓದಿದ್ದೆ, ಹುಚ್ಚು ಅಂತ ಓದಿದ್ದೆ. ಆ ಬೆಳಿಗ್ಗೆ ಮೊದಲ ಸಲ ಅದು ಬರೀ ಅವಸರ ಕೂಡ ಇದ್ದಿರಬಹುದು ಅನ್ನಿಸಿತು. ಬಹಳ ದಿನ ಒಂದು ವಸ್ತುವಿಗಾಗಿ ಕಾದವನಿಗೆ ಕೊನೆಯ ಒಂದು ಗಂಟೆ ಕಾಯಲು ಆಗುವುದಿಲ್ಲ. ಆ ಮನುಷ್ಯ ನನಗೆ ಅಷ್ಟು ಹತ್ತಿರದಿಂದ ಯಾವತ್ತೂ ಕಂಡಿರಲಿಲ್ಲ.

ಕಿತ್ತುಹೋದ ಜಾಗ ಕಣ್ಣಿನ ಕೆಳಗಿನಿಂದ ತುಟಿಯ ಅಂಚಿನ ಕಡೆಗೆ ಓರೆಯಾಗಿ ಇಳಿದಿತ್ತು. ಹಳ್ಳವನ್ನು ಮುಕ್ಕಾಲು ತುಂಬಿದೆ. ಉಳಿದ ಕಾಲುಭಾಗ, ಕೂದಲಿನಷ್ಟು ತೆಳುವಾದ ಗೆರೆ, ಹಾಗೇ ಬಿಟ್ಟೆ. ಗಾಯವನ್ನು ಹಣೆಯ ಮೇಲೆ ಕೆತ್ತಬೇಕು ಅಂದುಕೊಂಡಿದ್ದೆ. ಅದನ್ನು ಕೈಬಿಟ್ಟೆ.

ಈಗ ಮುಖವಾಡ ನಿಲ್ಲುವುದು ಆಯಸ್ಕಾಂತದಿಂದ. 2 ಮಿಲಿಮೀಟರ್ ಅಗಲದ ಎರಡು ಸಣ್ಣ ನಿಯೋಡಿಮಿಯಮ್ ಬಿಲ್ಲೆಗಳು. ಒಂದು ಹಣೆಯೊಳಗೆ, ಇನ್ನೊಂದು ಮುಖವಾಡದ ಹಣೆಯ ಒಳಬದಿಗೆ. ಅಂಟಿಸುವ ಮೊದಲು ಯಾವ ಬದಿ ಯಾವುದನ್ನು ಎಳೆಯುತ್ತದೆ ಅಂತ ನೋಡಿ, ಪೆನ್ನಿನಿಂದ ಚುಕ್ಕೆ ಇಟ್ಟುಕೊಳ್ಳಬೇಕು. ತಪ್ಪಿ ತಿರುವಿ ಅಂಟಿಸಿದರೆ ಮುಖವಾಡ ಮುಖದಿಂದ ದೂರ ಹಾರುತ್ತದೆ. ಮುಖವಾಡದ ಮೇಲಿನ ಮೊಳೆಗಳಿಗೆ ಬಿಳಿ ಅಂಟು ಬಳಸಿದೆ. ಗುಂಡುಪಿನ್ನಿನ ತುದಿಯಲ್ಲಿ ಒಂದೊಂದು ಹನಿ. ಒಣಗುವಾಗ ಕುಗ್ಗಿ, ಪುಟ್ಟ ಗುಮ್ಮಟದ ಆಕಾರಕ್ಕೆ ಬರುತ್ತದೆ. 14 ಮೊಳೆ. ಎರಡು ಸಲ ಕೈ ನಡುಗಿ ಒರೆಸಿ ಮತ್ತೆ ಇಟ್ಟೆ.

ಬಣ್ಣದ ವಿಷಯ ಜಾಸ್ತಿ ಎಳೆಯುವುದಿಲ್ಲ. ಒಂದೇ ಎಚ್ಚರಿಕೆ ಹೇಳುತ್ತೇನೆ. ಮೆತ್ತನೆ ಪಿವಿಸಿ ಮೇಲೆ ಸ್ಪ್ರೇ ಪ್ರೈಮರ್ ಹೊಡೆದರೆ ಕೆಲವು ಸಲ ಅದು ಎಂದೂ ಒಣಗುವುದಿಲ್ಲ. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಸೇರಿಸಿದ ವಸ್ತು ಬಣ್ಣದ ಜೊತೆ ಬೆರೆತು ವರ್ಷಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಬ್ರಶ್‌ನಿಂದ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ನಾಲ್ಕೈದು ಸಲ ಹಚ್ಚುವುದೇ ಒಳ್ಳೆಯದು. ಕವಚಕ್ಕೆ ಮೊದಲು ಕಪ್ಪು. ಅದರ ಮೇಲೆ ಗಾಢ ಉಕ್ಕಿನ ಬಣ್ಣ. ಆಮೇಲೆ ಬ್ರಶ್‌ಗೆ ಬೆಳ್ಳಿ ಬಣ್ಣ ತಾಗಿಸಿ, ಕಾಗದಕ್ಕೆ ಪೂರ್ತಿ ಒರೆಸಿ, ಉಳಿದ ಪಸೆಯನ್ನು ಅಂಚುಗಳಿಗೆ ಮಾತ್ರ ಸವರಿದೆ. ಡ್ರೈಬ್ರಶ್ ಅನ್ನುವುದು ಇದನ್ನೇ. ಪಟ್ಟಿಗಳ ಅಂಚು ಒಂದೊಂದಾಗಿ ಮೇಲೆದ್ದು ಬರುತ್ತದೆ. ಎಷ್ಟು ಸಲ ಮಾಡಿದ್ದರೂ ಆ ಕ್ಷಣ ನನಗೆ ಹೊಸದಾಗಿಯೇ ಇರುತ್ತದೆ.

ಕಣ್ಣಿನ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಡೂಮ್‌ನ ಕಣ್ಣು ಕಂದು. ಅವನ ಮೈಯಲ್ಲಿ ಹೊರಗೆ ಕಾಣುವ ಮನುಷ್ಯ ಅಂದರೆ ಅದೊಂದೇ. ಮುಖವಾಡ ಇಲ್ಲದೆ ಬಣ್ಣ ಹಚ್ಚಿದಾಗ ಕಣ್ಣು ಚೆನ್ನಾಗಿಯೇ ಇತ್ತು. ಮುಖವಾಡ ಕೂರಿಸಿದೆ, ಕತ್ತಲೆ. ಏನೂ ಕಾಣಲಿಲ್ಲ. ಸಂದಿನ ಅಂಚಿನ ನೆರಳು ಎಲ್ಲವನ್ನೂ ನುಂಗಿಬಿಟ್ಟಿತ್ತು. ಬಿಳಿ ಭಾಗವನ್ನು ಮತ್ತೆ ಬೆಳ್ಳಗೆ ಮಾಡಿ, ಕಂದನ್ನು ಒಂದು ಮಟ್ಟ ತಿಳಿ ಮಾಡಿ, ಪಾಪೆಯ ಪಕ್ಕ ಹೊಳಪಿನ ವಾರ್ನಿಷ್‌ನ ಒಂದು ಚುಕ್ಕೆ ಇಟ್ಟೆ. ಟೂತ್‌ಪಿಕ್‌ನ ತುದಿಯನ್ನು ಬ್ಲೇಡಿನಿಂದ ಚೂಪು ಮಾಡಿ ಇಟ್ಟ ಚುಕ್ಕೆ. ಈಗ ಮುಖವಾಡ ತೆಗೆದರೆ ಕಣ್ಣು ತುಸು ಅತಿಯಾಯಿತು ಅನ್ನಿಸುತ್ತದೆ, ಬೆಚ್ಚಿಬಿದ್ದವನ ಹಾಗೆ. ಮುಖವಾಡ ಹಾಕಿ ದೀಪದ ಮುಂದೆ ಹಿಡಿದರೆ ಸಂದಿನ ಆಳದಲ್ಲಿ ಏನೋ ಮಿನುಗುತ್ತದೆ. ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ. ಅಷ್ಟೇ ಬೇಕಿತ್ತು.

ಕೊನೆಗೆ ಉಳಿದದ್ದು ಕೇಪ್. ಅತಿ ಹೆಚ್ಚು ದಿನ ತಿಂದದ್ದೂ ಅದೇ.

ಬಟ್ಟೆಯ ಕಷ್ಟ ಏನು ಅಂದರೆ, ಗೊಂಬೆ ಚಿಕ್ಕದಾಗುತ್ತದೆ, ದಾರ ಚಿಕ್ಕದಾಗುವುದಿಲ್ಲ. ಕಾಲು ಮಿಲಿಮೀಟರ್ ದಪ್ಪದ ದಾರ ಈ ಅಳತೆಯಲ್ಲಿ 3 ಮಿಲಿಮೀಟರ್ ಹಗ್ಗ. ಒಳ್ಳೆಯ ಬಟ್ಟೆ ಅಂತ ತಂದದ್ದೆಲ್ಲ ಗೊಂಬೆಯ ಮೇಲೆ ಗೋಣಿಚೀಲದ ಹಾಗೆ ಕಂಡಿತು. ಇನ್ನೊಂದು ಕಷ್ಟ ಭಾರದ್ದು. ನಿಜವಾದ ಕೇಪ್ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ, ನೆರಿಗೆ ಬೀಳುತ್ತದೆ. ಅಂಗೈಯಗಲದ ಬಟ್ಟೆಗೆ ಆ ಭಾರವೇ ಇರುವುದಿಲ್ಲ. ಹೆಗಲಿನಿಂದ ಹೊರಗೆ ಚಾಚಿ ನಿಂತುಬಿಡುತ್ತದೆ, ಛತ್ರಿಯ ಹಾಗೆ.

ನಾಲ್ಕು ಬಟ್ಟೆ ಪ್ರಯತ್ನಿಸಿ, ಐದನೆಯದಾಗಿ ಒಗೆದು ಒಗೆದು ಸವೆದ ತೆಳು ಹತ್ತಿ ಬಟ್ಟೆಯೊಂದನ್ನು ಹಿಡಿದೆ. ಅಂಚನ್ನು ಹೊಲಿಯಲಿಲ್ಲ, ಹೊಲಿಗೆ ಎದ್ದು ಕಾಣುತ್ತದೆ. 2 ಮಿಲಿಮೀಟರ್ ಮಡಚಿ, ಒಳಗೆ ತೆಳು ತಂತಿ ಇಟ್ಟು, ಅಂಟಿನಿಂದ ಮುಚ್ಚಿದೆ. ಹಸಿರಿಗೆ ಸ್ವಲ್ಪ ಕಂದು ಬೆರೆಸಿದೆ. ಆ ಕಾಲದ ಕಾಮಿಕ್ಸ್‌ನಲ್ಲಿ ನಾಲ್ಕು ಶಾಯಿಗಳಿಂದ ಮುದ್ರಿಸಿದ ಹಸಿರು ಹೊಚ್ಚಹೊಸದು, ಎಲೆಯ ಹಾಗೆ. ಕಾಗದದ ಮೇಲೆ ಅದು ಚಂದ. ಬಟ್ಟೆಯ ಮೇಲೆ ಅದೇ ಹಸಿರು ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಬಿಳಿ ಅಂಟಿಗೆ ನೀರು ಬೆರೆಸಿ ಬಟ್ಟೆಯನ್ನು ಅದ್ದಿ, ಹಿಂಡಿ, ಥರ್ಮಾಕೋಲಿನ ಮೇಲೆ ಹರಡಿ, ಒಂದೊಂದು ನೆರಿಗೆಯನ್ನೂ ಗುಂಡುಪಿನ್ನಿನಿಂದ ಹಿಡಿದು ನಿಲ್ಲಿಸಿದೆ. ಭಾರ ಮಾಡಬೇಕಾದ ಕೆಲಸವನ್ನು 40 ಪಿನ್ನುಗಳು ಮಾಡಿದವು.

ಒಣಗಲು ಬಿಟ್ಟ ಆ ರಾತ್ರಿ 1964ರ ಕಥೆಯನ್ನು ಮತ್ತೆ ಓದಿದೆ. ಮುಖವಾಡದ ಭಾಗ ನೆನಪಿತ್ತು. ಅದಕ್ಕೂ ಮುಂಚಿನ ಭಾಗವನ್ನು ನಾನು ಯಾವಾಗಲೂ ಬೇಗ ಬೇಗ ತಿರುವಿಹಾಕಿದ್ದೆ ಅಂತ ಆಗ ಗೊತ್ತಾಯಿತು. ವಿಕ್ಟರ್‌ನ ಅಪ್ಪ ವರ್ನರ್. ಯೂರೋಪಿನ ಅಲೆಮಾರಿ ರೋಮಾ ಜನರ ನಡುವೆ ಮದ್ದು ಕೊಡುವ ವೈದ್ಯ. ಸೀಮೆಯ ಒಡೆಯ ಕಾಯಿಲೆ ಬಿದ್ದ ತನ್ನ ಹೆಂಡತಿಯನ್ನು ಉಳಿಸು ಅಂತ ಅವನನ್ನು ಎಳೆಸುತ್ತಾನೆ. ಅವಳು ಉಳಿಯುವುದಿಲ್ಲ. ಕೊಲ್ಲುತ್ತಾರೆ ಅನ್ನುವ ಭಯಕ್ಕೆ ವರ್ನರ್ ಮಗನನ್ನು ಎತ್ತಿಕೊಂಡು ಬೆಟ್ಟಕ್ಕೆ ಓಡುತ್ತಾನೆ. ಕೊರೆಯುವ ಚಳಿ. ತನ್ನ ಮೈಮೇಲಿನ ಬಟ್ಟೆಯನ್ನು ಮಗನಿಗೆ ಹೊದಿಸುತ್ತಾನೆ. ಮಗ ಬದುಕುತ್ತಾನೆ, ಅಪ್ಪ ಚಳಿಗೆ ಸಾಯುತ್ತಾನೆ.

ಪಕ್ಕದಲ್ಲಿ ಥರ್ಮಾಕೋಲಿನ ಮೇಲೆ ಆ ಹಸಿರು ಬಟ್ಟೆ ಪಿನ್ನುಗಳ ನಡುವೆ ಒಣಗುತ್ತಿತ್ತು. ಇವನು ಯಾಕೆ ಯಾವಾಗಲೂ ಹೊದ್ದುಕೊಂಡೇ ಇರುತ್ತಾನೆ? ಅಷ್ಟೆಲ್ಲ ಉಕ್ಕಿನ ಮೇಲೆ ಮತ್ತೆ ನಿಲುವಂಗಿ ಯಾಕೆ, ಮುಸುಕು ಯಾಕೆ, ಕೇಪ್ ಯಾಕೆ? ಕರ್ಬಿ ಅವರು ಇದನ್ನು ಯೋಚಿಸಿ ಬಿಡಿಸಿರಲಿಕ್ಕಿಲ್ಲ. ಉಡುಪು ಬಂದದ್ದು 1962ರಲ್ಲಿ, ಅಪ್ಪನ ಕಥೆ ಎರಡು ವರ್ಷ ಆಮೇಲೆ. ಆದರೂ ಒಮ್ಮೆ ಕಂಡ ಮೇಲೆ ಕಾಣದ ಹಾಗೆ ಇರುವುದು ನನ್ನಿಂದಾಗಲಿಲ್ಲ. ಮಾರನೆಯ ದಿನ ಕೇಪ್ ಕಟ್ಟುವಾಗ ಅಂದುಕೊಂಡಿದ್ದನ್ನು ಬದಲಿಸಿದೆ. ಗಾಳಿಗೆ ಹಾರುವ ಹಾಗೆ ತಂತಿ ಬಗ್ಗಿಸಬೇಕು ಅಂತಿದ್ದೆ, ಎಲ್ಲ ಖಳರ ಕೇಪಿನ ಹಾಗೆ. ಅದರ ಬದಲು ಎಡ ಅಂಚನ್ನು ಮುಂದಕ್ಕೆ ತಂದು, ಎದೆಯ ಮೇಲೆ ಅರ್ಧ ಮುಚ್ಚುವಂತೆ ಮಾಡಿ, ಎಡಗೈಯಲ್ಲಿ ಆ ಅಂಚನ್ನು ಹಿಡಿಸಿದೆ. ದೊರೆಯ ಗತ್ತಿನಲ್ಲಿ ನಿಂತವನ ಹಾಗೂ ಕಾಣುತ್ತಾನೆ. ಚಳಿಯಾದವನ ಹಾಗೂ ಕಾಣುತ್ತಾನೆ. ಹೆಗಲಿನ ಎರಡು ಚಿನ್ನದ ಬಿಲ್ಲೆಗಳನ್ನು ಕೊನೆಗೆ ಅಂಟಿಸಿದೆ. ಅಲ್ಲಿಗೆ ಗೊಂಬೆ ಮುಗಿಯಿತು.

ಮುಗಿದು ಐದು ತಿಂಗಳಾಯಿತು. ಮುಖವಾಡವನ್ನು ಇದುವರೆಗೆ ನಾಲ್ಕು ಸಲ ತೆಗೆದಿದ್ದೇನೆ. ಪ್ರತಿ ಸಲ ಒಳಗಿನ ಅಂಚು ಮೂಗಿನ ತುದಿಗೆ ತಾಗಿ ಬಣ್ಣ ಸ್ವಲ್ಪ ಸವೆಯುತ್ತದೆ, ಈಗ ಅಲ್ಲಿ ಬೂದು ಪುಟ್ಟಿ ಇಣುಕುತ್ತಿದೆ. ತಿದ್ದಬೇಕು. ಅದಕ್ಕೂ ಮುಂಚೆ ಇನ್ನೊಂದು ಕೆಲಸ ಹಿಡಿದಿದ್ದೇನೆ. ಆ ಹತ್ತಿ ಬಟ್ಟೆಯಲ್ಲಿ ಬಣ್ಣ ಹಾಕದ ತುಂಡೊಂದು ಉಳಿದಿತ್ತು, ಅಂಗೈಗಿಂತ ಕೊಂಚ ದೊಡ್ಡದು. ವರ್ನರ್‌ನ ಗೊಂಬೆಯನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಮಂಡಿಯೂರಿ ಕೂರಬಲ್ಲ ಒಂದು ಬೇಸ್ ಸಿಕ್ಕಿದೆ, ಮೊಣಕಾಲಿಗೆ ಎರಡು ಕೀಲು ಇರುವಂಥದ್ದು. ಹುಡುಗನನ್ನು ಪುಟ್ಟಿಯಲ್ಲೇ ಕೆತ್ತುತ್ತಿದ್ದೇನೆ. 9 ಸೆಂಟಿಮೀಟರ್, ಕೀಲುಗಳಿಲ್ಲ, ಅಪ್ಪನ ಎದೆಗೆ ಒರಗಿದ ಹಾಗೆ. ಅವನ ಕೆನ್ನೆಗೆ ನಿನ್ನೆ ರಾತ್ರಿ ಪುಟ್ಟಿ ಹಚ್ಚಿದ್ದೇನೆ. ನಾಳೆ ಸಂಜೆಯವರೆಗೆ ಮುಟ್ಟುವುದಿಲ್ಲ.